ಹೌದು, ನನ್ನ ದನಿ ರಸ್ತೆಗೆ ಕೇಳಿಸಿತು

ಯಳವತ್ತಿ,
ಮಂಗಳವಾರ ಮಧ್ಯಾಹ್ನ

ಮುಂಡರಗಿಯ ಸೊಸೆಯಾದರೂ ಇನ್ನೂ ನಮ್ಮ ಮನೆಯ ಮಗಳೇ ಆಗಿರುವ ಸುಶ್ಮಿತಾಳಿಗೆ, ಅಣ್ಣನ ಹೆಂಡತಿಯಾದ ನಿನ್ನ ವೈನಿಯ ಅಕ್ಕರೆಯ ನೆನಪುಗಳು.

ಕೈಯಲ್ಲಿ ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚೇಕೆ ಎಂದುಕೊಳ್ಳಬೇಡ. ನಿಮ್ಮ ಮನೆಗೆ ಫೋನ್ ಮಾಡಿದರೆ ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಟ್ಟುಬಿಡುತ್ತಾರೆ. ನಿನ್ನ ಅತ್ತೆಯವರ ಕೆಮ್ಮು ಕೇಳಿಸುತ್ತಿರುವಾಗ ನಾನು ಹೆರಿಗೆಯ ಮಾತು ಹೇಗೆ ಆಡಲಿ? ಮೊನ್ನೆ ಅವರು ಹಿತ್ತಲಿಗೆ ಹೋದಾಗ ನೀನು ಪಿಸುಗುಟ್ಟಿದ್ದು ಮಾತ್ರ ಕಿವಿಯಲ್ಲೇ ಕೂತಿದೆ. "ವೈನಿ, ನಾನೂ ನಿಮ್ಮಂಗ ಒದರಿದ್ರ ಇವ್ರು ಜೀವನಪೂರ್ತಿ ಆಡ್ಕೋತಾರ್ರಿ. ಅದಕ್ಕಿಂತ ಡಾಕ್ಟರಿಗೆ ಹೇಳಿ ಆಪರೇಷನ್ನೇ ಮಾಡಿಸ್ಕೊಂಡುಬಿಡ್ಲೇನು?" ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಬಂದರು. ನೀನು ಕೂಡಲೇ "ಅಲ್ಲೆ ಮಳಿ ಆತೇನ್ರಿ ವೈನಿ?" ಅಂದೆ.

ಮಳೆ ಆಗಿಲ್ಲ. ಇನ್ನೊಂದು ಪ್ರಶ್ನೆಗೆ ಉತ್ತರ: ಮಾಡಿಸಿಕೊಳ್ಳಬೇಡ. ತಪ್ಪು ತಿಳಿಯಬೇಡ ಮತ್ತೆ. ಕೂಸಿಗೋ ನಿನಗೋ ಕಷ್ಟವಿದೆ, ಕೊಯ್ಯಲೇಬೇಕು ಎಂದು ಡಾಕ್ಟರು ಹೇಳಿದರೆ ಮರುಮಾತಾಡದೆ ಹೋಗಿ ಮಲಗು. ಅದರಲ್ಲಿ ಸೋಲೂ ಇಲ್ಲ, ನಾಚಿಕೆಯೂ ಇಲ್ಲ. ಆದರೆ ಅತ್ತೆಯ ಮುಂದೆ ದನಿ ಎತ್ತಬೇಕಾದೀತು ಎಂಬ ಒಂದೇ ಅಂಜಿಕೆಗೆ ಹೊಟ್ಟೆ ಕೊಯ್ಯಿಸಿಕೊಳ್ಳುತ್ತೀಯಾ? ನನಗೆ ಸಿಟ್ಟು ಬರುತ್ತದೆ ಸುಶ್ಮಿತಾ. ಈಗಲೂ ಬಂದಿದೆ, ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ.

ನಾನು ಒದರಿದ್ದು ಖರೆ. ಲಕ್ಷ್ಮೇಶ್ವರದ ದವಾಖಾನೆಯ ಗೇಟು ದಾಟಿ ರಸ್ತೆಗೆ ಕೇಳಿಸಿತಂತೆ. ಸುದ್ದಿ ಮುಂಡರಗಿಗೂ ಮುಟ್ಟಿತಂತೆ. ಮುಟ್ಟಲಿ. ಆದರೆ ನಿನಗೆ ಮುಟ್ಟಿದ್ದು ಅರ್ಧ ಸುದ್ದಿ. ಉಳಿದರ್ಧ ನಾನು ಹೇಳುತ್ತೇನೆ, ಕೇಳು.

ನನ್ನ ತವರಿನಲ್ಲಿ ಅವ್ವ ಇಲ್ಲವಾದ್ದರಿಂದ ಚೊಚ್ಚಲ ಹೆರಿಗೆ ಗಂಡನ ಮನೆಯಲ್ಲೇ ಎಂದಾಯಿತಲ್ಲ, ಆಗಲೇ ನಿಮ್ಮವ್ವ ಶೇಖವ್ವನವರು ಟ್ರಂಕು ತೆಗೆದು ಒಂದು ಬಟ್ಟೆ ಕೊಟ್ಟರು. ಬೆಟಗೇರಿ ಮಗ್ಗದ ಹಳೆಯ ಹತ್ತಿ ಸೀರೆಯ ಸೆರಗಿನ ತುಂಡು, ನಾಲ್ಕು ಮಡಿಕೆ ಹಾಕಿ ಹೊಲಿದದ್ದು. ನಡುವೆ ಹಲ್ಲು ನಾಟಿ ನಾಟಿ ನೂಲು ಜಾಳಾಗಿತ್ತು. ಅವರ ಅತ್ತೆ ಅವರಿಗೆ ಕೊಟ್ಟದ್ದಂತೆ. "ನಾಕು ಹಡದೇನಿ. ಒಮ್ಮಿನೂ ನನ್ನ ದನಿ ಪಡಸಾಲಿ ದಾಟಿಲ್ಲ. ಬ್ಯಾನಿ ಬಂದಾಗ ಇದನ್ನ ಹಲ್ಲಾಗ ಹಿಡ್ಕೋ" ಅಂದರು. ಬಂಗಾರದ ಸರ ಕೊಟ್ಟಷ್ಟು ಹೆಮ್ಮೆ ಇತ್ತು ಅವರ ಮುಖದಲ್ಲಿ.

ಅದೇ ದಿನಗಳಲ್ಲಿ ದವಾಖಾನೆಯ ಸಾಬೀರಾ ಸಿಸ್ಟರ್ ತಪಾಸಣೆಗೆ ಬಂದ ಬಸುರಿಯರನ್ನೆಲ್ಲ ಬೆಂಚಿನ ಮೇಲೆ ಕೂಡಿಸಿ ಬೇರೆಯೇ ಪಾಠ ಹೇಳುತ್ತಿದ್ದರು. "ದವಡಿ ಬಿಗಿ ಹಿಡಿದ್ರ ಮೈಯೆಲ್ಲಾ ಬಿಗಿ ಹಿಡಿತೈತಿ ನೋಡ್ರವಾ. ಬಾಯಿ ಸಡ್ಲ ಬಿಡ್ರಿ. ಕಿರಚಬ್ಯಾಡ್ರಿ, ದಣಿತೀರಿ. ಎಮ್ಮಿ ಕರುವಿಗೆ ಕರಿತೈತಲ್ಲ, ಹಂಗ ಕೆಳಗಿಂದ ದನಿ ಬರ್ಲಿ." ಎಲ್ಲರೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದವಳೇ ಕೊಟ್ಟಿಗೆಗೆ ಹೋಗಿ, ನಮ್ಮ ಎಮ್ಮೆಯ ಪಕ್ಕದಲ್ಲೇ ನಿಂತು ಅಭ್ಯಾಸ ಶುರು ಮಾಡಿದೆ.

ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಮೂರನೆಯ ದಿನ ನಿಮ್ಮಪ್ಪ ಹೊಳೆಯಪ್ಪನವರು ಹೊರಗಿನಿಂದಲೇ ಕೇಳಿಸಿಕೊಂಡು, "ಎಮ್ಮಿ ಬೆದಿಗಿ ಬಂದೈತಿ" ಎಂದು ನಂಬಿ, ಯಾರನ್ನೂ ಕೇಳದೆ ದನದ ದವಾಖಾನೆಯವರನ್ನು ಕರೆದುಕೊಂಡೇ ಬಂದರು. ಅವರು ಮೊಣಕೈತನಕ ಕೈಗವಸು ಏರಿಸಿಕೊಂಡು ಒಳಗೆ ಕಾಲಿಟ್ಟಾಗ ಬಾಯಿ ತೆರೆದುಕೊಂಡು ನಿಂತಿದ್ದವಳು ನಾನು. ಎಮ್ಮೆ ತನ್ನ ಪಾಡಿಗೆ ಕಣಿಕೆ ಮೇಯುತ್ತಿತ್ತು. ಮಾವ ವಾರಗಟ್ಟಲೆ ನನ್ನ ಮುಖ ನೋಡಲಿಲ್ಲ. ನಿಮ್ಮವ್ವನಂತೂ ಮಾತು ಬಿಟ್ಟು, ಪಾತ್ರೆಗಳಿಗೆ ಹೇಳುತ್ತಿದ್ದರು: "ಮನಿ ಮರ್ಯಾದಿ ತಗೊಂಡು ಹೋಗಿ ಸಂತ್ಯಾಗ ಇಡ್ತಾಳ ಈಕಿ."

ಇಟ್ಟೆ. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ನೋವು ಶುರುವಾಯಿತು. ದವಾಖಾನೆಯಲ್ಲಿ ಸಾಬೀರಾ ಸಿಸ್ಟರ್ ನನ್ನನ್ನು ಪರೀಕ್ಷಿಸಿ, ಎಲ್ಲ ಸರಿ ಇದೆ ಎಂದು, ಮಲಗಲು ಬಿಡದೆ ನಡೆಸಿದರು. ನೋವು ಬಂದಾಗ ಕಿಟಕಿಯ ಸರಳು ಹಿಡಿದು ಸೊಂಟ ತೂಗಾಡಿಸು, ಹೋದಾಗ ಒಂದು ಗುಟುಕು ನೀರು ಕುಡಿದು ಮತ್ತೆ ನಡೆ. ಜೊತೆಗೊಬ್ಬ ಹೆಣ್ಣುಮಗಳು ಇರಬಹುದು ಅಂದದ್ದಕ್ಕೆ ನಿಮ್ಮವ್ವ ಒಳಗೆ ಬಂದರು. ಬಂದವರೇ ಆ ಬಟ್ಟೆಯನ್ನು ನನ್ನ ಹಲ್ಲಿಗೆ ಕೊಟ್ಟರು.

ನಾನು ಕಚ್ಚಿದೆ. ಸುಳ್ಳೇಕೆ ಹೇಳಲಿ, ಕೊಟ್ಟಿಗೆಯ ಅಭ್ಯಾಸವೆಲ್ಲ ಅವರ ಕಣ್ಣು ಕಂಡದ್ದೇ ಮರೆತುಹೋಯಿತು. ಕಚ್ಚಿದಷ್ಟೂ ತೊಡೆ ಬಿಗಿಯಿತು, ಉಸಿರು ಸಿಕ್ಕಿಕೊಂಡಿತು, ನೋವು ಎದೆಗೇ ಏರಿ ಬಂದಂತಾಯಿತು. ಸತ್ತೇ ಹೋಗುತ್ತೇನೆ ಅನ್ನಿಸಿತು. ಮರ್ಯಾದೆ ಉಳಿಸಿ ಸಾಯುವ ಮನಸ್ಸು ನನಗಿರಲಿಲ್ಲ ಸುಶ್ಮಿತಾ. ಬಟ್ಟೆಯನ್ನು ಉಗುಳಿಬಿಟ್ಟೆ. ಅದು ನಿಮ್ಮವ್ವನ ಪಾದದ ಮೇಲೆ ಬಿತ್ತು. ಮುಂದಿನ ನೋವಿಗೆ ನಾನು ಬಾಯಿ ತೆರೆದೆ.

ಅವರು ಓಡಿ ಹೋಗಿ ಬಾಗಿಲು ಹಾಕಿದರು. ಕಿಟಕಿ ಹಾಕಿದರು. ಸಾಬೀರಾ ಸಿಸ್ಟರ್ ಮತ್ತೆ ಕಿಟಕಿ ತೆಗೆದು, ಅವರ ಕೈ ಹಿಡಿದು ತಂದು ನನ್ನ ಸೊಂಟದ ಕೆಳಗೆ ಇಟ್ಟರು. "ಹಿಟ್ಟು ನಾದೂ ಕೈ ಐತಲ್ಲ ಯಮ್ಮಾ, ಆ ಅಂಗೈಲೆ ಇಲ್ಲೆ ಒತ್ರಿ. ಆಕಿ ದನಿ ಮುಗಿಯೂತನಕ ಬಿಡಬ್ಯಾಡ್ರಿ." ನಿಮ್ಮವ್ವ ಒತ್ತಿದರು. ಏನು ಕೈ ಅದು! ಒಡೆದು ಬೀಳುತ್ತಿದ್ದ ನನ್ನ ಬೆನ್ನನ್ನು ಆ ಅಂಗೈ ಹಿಡಿದು ನಿಲ್ಲಿಸಿತು. ನೋವು ಹೋಗಲಿಲ್ಲ, ಆದರೆ ನಾನೊಬ್ಬಳೇ ಹೊರುವುದು ತಪ್ಪಿತು. ನಾನು ದನಿ ತೆಗೆಯುವುದು, ಅವರು ಒತ್ತುವುದು, ಹೀಗೇ ನಡೆಯಿತು.

ಎಷ್ಟೋ ಹೊತ್ತಿನ ಮೇಲೆ ನನ್ನ ದನಿಯ ಬೆನ್ನಿಗೆ ಇನ್ನೊಂದು ದನಿ ಕೇಳಿಸಿತು. ಮೊದಲು ಮುಚ್ಚಿದ ಬಾಯೊಳಗೆ ಗುಂಯ್‌ಗುಟ್ಟುವಂತೆ, ಆಮೇಲೆ ತೆರೆದ ಬಾಯಿಯಿಂದ, ನನಗಿಂತ ದಪ್ಪವಾಗಿ. ತಿರುಗಿ ನೋಡಿದೆ. ನಿಮ್ಮವ್ವ! ಕಣ್ಣು ಮುಚ್ಚಿಕೊಂಡು, ಕೈ ಮಾತ್ರ ಬಿಡದೆ, ನನ್ನ ಜೊತೆ ಒದರುತ್ತಿದ್ದರು. ನೋವು ಇಳಿದಾಗ ಅವರೂ ನಿಲ್ಲಿಸಿ, ಕೆನ್ನೆ ಒರೆಸಿಕೊಂಡು ಹೇಳಿದರು. "ಇಷ್ಟು ದನಿ ಇತ್ತಲ್ಲವಾ ನನ್ನೊಳಗ. ನಾಕೂ ಸಲ ಎಲ್ಲಿ ಇಟ್ಟಿದ್ನೋ ಏನೋ."

ಆಮೇಲೆ ನೆಲದ ಮೇಲಿದ್ದ ಆ ಬಟ್ಟೆಯನ್ನು ಎತ್ತಿಕೊಂಡರು. ನನ್ನ ಬಾಯಿಗೆ ಮತ್ತೆ ತುರುಕುತ್ತಾರೆಂದು ಹೆದರಿದೆ. ಅವರು ನಲ್ಲಿಯಲ್ಲಿ ತಿಕ್ಕಿ ತೊಳೆದು, ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮೊದಲು ತಮ್ಮ ಕೆನ್ನೆಗೆ ಇಟ್ಟು ನೋಡಿ, ನನ್ನ ಸೊಂಟದ ಮೇಲೆ ಹಾಸಿ ಕಾಸಿದರು. ಆ ಸುಖವನ್ನು ನಾನು ಬರೆಯಲಾರೆ. ಬಿಸಿಲು ಇಳಿಯುವ ಹೊತ್ತಿಗೆ ನನ್ನ ಮಗಳು, ನಿನ್ನ ಸೋದರಸೊಸೆ ಹುಟ್ಟಿದಳು. ಹೊರಗೆ ಚಹಾದಂಗಡಿಯಲ್ಲಿ ಯಾರೋ "ಯಾರದಪಾ ಒಳಗ ಅಷ್ಟು ಒದರೂದು?" ಎಂದು ಕೇಳಿದ್ದಕ್ಕೆ ನಿನ್ನ ಅಣ್ಣ ಸಿದ್ದಲಿಂಗೇಶ "ನಮ್ಮಾಕಿ" ಅಂದನಂತೆ. "ಇನ್ನೊಂದು?" ಅಂದದ್ದಕ್ಕೆ "ನಮ್ಮವ್ವ" ಅಂದನಂತೆ.

ಈಗ ಹೇಳು, ಯಾರಿಗೆ ಅಂಜುತ್ತೀ? ಮುಂಡರಗಿಗೆ ಮುಟ್ಟಿದ ದನಿಯಲ್ಲಿ ಅರ್ಧ ನಿಮ್ಮವ್ವನದು. ನಿನ್ನ ಅತ್ತೆಯವರಿಗೆ ಬೇಕಾದರೆ ಈ ಕಾಗದ ಓದಿ ಹೇಳು, ಸ್ಪೀಕರ್ ಹಾಕಿದಷ್ಟೇ ಜೋರಾಗಿ.

ಸೋಮವಾರ ನಿನ್ನ ಅಣ್ಣ, ನಿಮ್ಮವ್ವ ಇಬ್ಬರೂ ನಿನ್ನನ್ನು ಹೆರಿಗೆಗೆ ಕರೆಯಲು ಬರುತ್ತಾರೆ. "ಕಳಸಲಿಲ್ಲಂದ್ರ ಅಲ್ಲೇ ಕುಂಡ್ರತೀನಿ, ಆಕಿ ಹಡಿಯೂತನಕ ಏಳೂದಿಲ್ಲ" ಅನ್ನುತ್ತಿದ್ದಾರೆ ನಿಮ್ಮವ್ವ. ಅವರು ಕುಳಿತರೆ ಏಳಿಸುವವರನ್ನು ನಾನು ಇನ್ನೂ ಕಂಡಿಲ್ಲ.

ಬಳೆ ತೊಡಿಸಲು ನಿಮ್ಮ ಓಣಿಗೆ ಬರುವ ಗೌಸಬಿಯ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಜೊತೆಗೆ ಆ ಸೆರಗಿನ ತುಂಡೂ ಇದೆ. ನಿಮ್ಮವ್ವನೇ ಒಗೆದು ಒಣಗಿಸಿ, ಮಡಿಕೆಯ ಹೊಲಿಗೆಯನ್ನೆಲ್ಲ ಬಿಚ್ಚಿ ಅಗಲ ಮಾಡಿ ಕೊಟ್ಟರು. ಕೊಡುವಾಗ ಅಂದದ್ದನ್ನು ಹಾಗೇ ಬರೆಯುತ್ತೇನೆ: "ಆಕಿಗೆ ಬರಿ, ಇದು ಕಚ್ಚಾಕಲ್ಲ, ಕಾಸಾಕ ಅಂತ."

ನಿನ್ನ ದವಡೆ ಸಡಿಲಾಗಿರಲಿ, ದನಿ ದೊಡ್ಡದಾಗಿರಲಿ, ಅದನ್ನು ಕೇಳಿಕೊಂಡೇ ಕೂಸು ಹಾದಿ ಹಿಡಿದು ಬರಲಿ.

ನಿನ್ನ ಒದರುವ ವೈನಿ,
ನೀಲಾಂಬಿಕಾ