ನನಗೂ ಹಗಲು ಪಾಳಿ ಸಿಕ್ಕಿತು

ಪಕ್ಕದ ಮೇಜಿನ ಗೆಳತೀ,

ಆರು ವರ್ಷ ರಾತ್ರಿಯಿಡೀ ಮಾತ್ರೆ ಪ್ಯಾಕ್ ಮಾಡಿ ನಾನೂ ರಕ್ತದೊತ್ತಡ ಏರಿಸಿಕೊಂಡೆ. ಇವತ್ತು ಡಾಕ್ಟರ ಚೀಟಿ ಹಿಡಿದು ಮ್ಯಾನೇಜರ ಮುಂದೆ ನಿಂತು, ಕೊಡಲೋ ಬೇಡವೋ ಎಂದು ಹಿಂದೆಮುಂದೆ ನೋಡಿದೆ. ಅವರು ಚೀಟಿ ಓದಿ, ಹಗಲು ಪಾಳಿಗೆ ಸಹಿ ಹಾಕುತ್ತಾ ಹೇಳಿದರು:

"ಯಾಕಮ್ಮ ಹೆದರ್ತೀಯ? ಇದು ನಿನ್ನ ಹಕ್ಕು. ಆ ಜಗಳಗಂಟಿ ಲೇಬರ್ ಆಫೀಸಿಗೆ ದೂರು ಕೊಟ್ಟ ಮೇಲೆ ನಾವು ಯಾರಿಗೂ ಇಲ್ಲ ಅನ್ನೋ ಹಾಗಿಲ್ಲ."

ಜಗಳಗಂಟಿ ಎಂದರೆ ನೀನು. ನನಗೆ ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು.

ತಲೆಸುತ್ತೆಂದು ನಿನಗೆ ಮೊದಲು ಹಗಲು ಪಾಳಿ ಸಿಕ್ಕಾಗಲೂ ಹೀಗೇ ಉರಿದಿತ್ತು. ನಾನು ಕಣ್ಣುಜ್ಜಿಕೊಳ್ಳುತ್ತಾ ಗೇಟು ದಾಟುವ ಹೊತ್ತಿಗೆ ನೀನು ನಿದ್ದೆ ಮುಗಿಸಿ, ತಲೆ ಬಾಚಿಕೊಂಡು, ನಗುತ್ತಾ ಒಳಗೆ ಬರುತ್ತಿದ್ದೆ. "ಅವಳಿಗೆ ಯಾವ ತಲೆಸುತ್ತೂ ಇಲ್ಲ ಸಾರ್, ಬರೀ ನಾಟಕ" ಎಂದು ಸೂಪರ್‌ವೈಸರ್ ಕಿವಿ ಕಚ್ಚಿದವಳು ನಾನೇ. ನಿನ್ನನ್ನು ಮತ್ತೆ ರಾತ್ರಿಗೆ ಹಾಕಿದರು. ಮೂರನೆಯ ದಿನ ನೀನು ಯಂತ್ರದ ಪಕ್ಕದಲ್ಲೇ ಕುಸಿದುಬಿದ್ದೆ. ಆಸ್ಪತ್ರೆಯಿಂದ ನೇರ ಲೇಬರ್ ಆಫೀಸಿಗೆ ಹೋದವಳು ಇತ್ತ ಮತ್ತೆ ಬರಲೇ ಇಲ್ಲ.

ಇವತ್ತು ಊಟದ ಕೋಣೆಯಲ್ಲಿ ಎಲ್ಲರೂ ನಿನ್ನನ್ನೇ ಹೊಗಳುತ್ತಿದ್ದರು. ಹೊಸದಾಗಿ ಸೇರಿದವಳೊಬ್ಬಳು ಕೇಳಿದಳು: "ಅಕ್ಕಾ, ಅವರು ನಿಮಗೆ ಪರಿಚಯನಾ?"

"ಪರಿಚಯ ಏನು ಬಂತು, ನಾವಿಬ್ಬರೂ ಜೀವದ ಗೆಳತಿಯರು" ಎಂದುಬಿಟ್ಟೆ. ಎಲ್ಲರೂ ಸರಿದು ನನಗೆ ಜಾಗ ಕೊಟ್ಟರು. ನಾನು ಕುಳಿತೆ.