ಕೇಕಿನ ಪಟ್ಟು

ಸೆಪ್ಟೆಂಬರ್ 14, ಗುರುವಾರ

ಬೆಳಗಿನಿಂದ ವಿಡಿಯೋ. ಶನಿವಾರದ ಎದುರಾಳಿಗಳ ಹಳೆಯ ಪಂದ್ಯಗಳು. ಅವರ ಹಿಂದಿನ ಸಾಲಿನ ಹುಡುಗ, ಇಪ್ಪತ್ತೊಂದು ನಂಬರಿನವನು, ಚೆಂಡು ಎಸೆಯುವವನ ಮೇಲೆ ನುಗ್ಗುವ ಮುಂಚೆ ಹಿಮ್ಮಡಿ ಎತ್ತುತ್ತಾನೆ. ಸುಮ್ಮನೆ ಕಾಯುವಾಗ ಎತ್ತುವುದಿಲ್ಲ. ಇಷ್ಟನ್ನು ಕಂಡುಹಿಡಿಯಲು ಅರ್ಧ ದಿನ ಹೋಯಿತು. ಕಣ್ಣು ಉರಿ. ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು.

ಊಟದ ಕೋಣೆಯ ಟಿವಿಯಲ್ಲಿ ಗ್ರೇಡಿ. ನಮ್ಮ ಮುಖ್ಯ ಕೋಚ್. ‘ಅಮೆರಿಕದ ಕಾಲೇಜು ಫುಟ್‌ಬಾಲಿನ ಅತಿ ಚುರುಕಾದ ತಲೆ’ ಅಂತ ಪರಿಚಯ. ಟಿವಿಯ ಹುಡುಗಿ ಕೇಳಿದಳು — ಒಳ್ಳೇ ಪಟ್ಟು ಹೇಳೋನಿಗೆ ಏನಿರ್ಬೇಕು ಕೋಚ್?

“ಧೈರ್ಯ ಕಣಮ್ಮ. ಎದೇಲಿ ಧೈರ್ಯ ಇರ್ಬೇಕು.”

ಆ ಪಟ್ಟು ಹೇಳುವವನು ನಾನು. ಆರು ವರ್ಷದಿಂದ. ಸ್ಟೇಡಿಯಮ್ಮಿನ ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಚೆಂಡು ನಮ್ಮ ಕಡೆ ಇದ್ದಾಗಲೆಲ್ಲ ಮುಂದಿನ ಪಟ್ಟು ಯಾವುದೆಂದು ಹೆಡ್‌ಸೆಟ್ಟಿನಲ್ಲಿ ಹೇಳುವುದು ನನ್ನ ಕೆಲಸ. ಕೆಳಗೆ ನನ್ನ ಸಹಾಯಕ ಬ್ರೈಸ್ ಅದಕ್ಕೆ ತಕ್ಕ ಚಿತ್ರದ ಬೋರ್ಡು ಎತ್ತುತ್ತಾನೆ — ಹೇಸರಗತ್ತೆ, ಟ್ರ್ಯಾಕ್ಟರು, ಪಾದ್ರಿಯ ಟೋಪಿ. ಹುಡುಗರು ಅದನ್ನು ನೋಡಿ ಆಡುತ್ತಾರೆ. ಗ್ರೇಡಿ ಗೆರೆಯ ಪಕ್ಕ ನಿಂತಿರುತ್ತಾನೆ. ಕ್ಯಾಮರಾ ಅವನ ಮೇಲಿರುತ್ತದೆ.

ಧೈರ್ಯವಂತೆ. ಧೈರ್ಯ ಯಾವ ಕುಡುಕನಿಗಿಲ್ಲ? ಬೇಕಾದ್ದು ಹೊಟ್ಟೆಯೊಳಗೆ ಇಟ್ಟುಕೊಳ್ಳುವ ತಾಳ್ಮೆ. ಒಂದು ಪಟ್ಟನ್ನು ಈಗ ಬಿತ್ತಿ, ಅದು ಫಲಕ್ಕೆ ಬರುವವರೆಗೆ ಬಾಯಿ ಮುಚ್ಚಿಕೊಂಡಿರುವುದು.

ನಾನೂ ಒಂದಕ್ಕೆ ಕಾಯುತ್ತಿದ್ದೇನೆ. ಗ್ರೇಡಿಯ ಹಿತ್ತಲಲ್ಲಿ ಪಕ್ಕೆಲುಬಿನ ಮಾಂಸ ಸುಡುತ್ತಾ ಅವನು ಕೊಟ್ಟ ಮಾತು. “ದೊಡ್ಡ ಕಡೆಯಿಂದ ಕರೆ ಬಂದ್ರೆ ಇಬ್ರೂ ಒಟ್ಟಿಗೆ ಹೋಗೋದು ಕಣೋ ವೇಲನ್. ಮೈಕು ನಂದು, ಪಟ್ಟು ನಿಂದು.” ನನಗೆ ಐವತ್ತಾರು. ಟಿವಿಯಲ್ಲಿ ಮುಖ ಕಾಣದವನನ್ನು ಈ ವಯಸ್ಸಿನಲ್ಲಿ ಬೇರೆ ಯಾರೂ ಕರೆಯುವುದಿಲ್ಲ. ಇದೇ ಕೊನೆಯ ಬಸ್ಸು.

ಸೆಪ್ಟೆಂಬರ್ 16, ಶನಿವಾರ, ಸಂಜೆ

ಗೆದ್ದೆವು. ಹಿಮ್ಮಡಿ ಎತ್ತುವವನು ಎತ್ತಿದಾಗಲೆಲ್ಲ ಅವನು ಬಿಟ್ಟುಬಂದ ಜಾಗಕ್ಕೇ ಚೆಂಡು ಕಳಿಸಿದೆ. ಕೊನೆಕೊನೆಗೆ ಅವನು ಅಳುವ ಹಾಗಾಗಿದ್ದ. ಪಾಪ ಅನಿಸಿತು. ನಿಲ್ಲಿಸಲಿಲ್ಲ.

ಗ್ರೇಡಿ ಎಂದಿನಂತೆ ಪಟ್ಟುಗಳ ಲ್ಯಾಮಿನೇಟ್ ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತಿದ್ದ. ಎದುರಾಳಿಗಳು ತುಟಿ ಓದಬಾರದು ಅಂತ ಎಲ್ಲ ಕೋಚ್‌ಗಳೂ ಹಾಗೆ ಮಾಡುತ್ತಾರೆ. ಟಿವಿಯವರು ಅದನ್ನೇ ಮತ್ತೆ ಮತ್ತೆ ತೋರಿಸಿದರು, ಮಹಾ ಗುಟ್ಟು ನಡೀತಾ ಇದೆ ಅನ್ನುವ ಹಾಗೆ. ಆಗ ನನ್ನ ಕಿವಿಗೆ ಬಂದದ್ದು —

“ವೇಲನ್, ಹೊಟ್ಟೆ ಚುರುಗುಟ್ತಾ ಇದೆ ಮಾರಾಯ. ಮುಗಿದ ಮೇಲೆ ಕರಿದ ಮೀನಿಗೆ ಹೋಗಣ?”

ರೋಂಡಾಗೆ ಹೇಳಿದೆ. ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಅವನ ಹೊಟ್ಟೆಗೂ ನೀನೇ ಪಟ್ಟು ಹೇಳ್ಬೇಕಾ?” ಅಂದಳು. ಮದುವೆಯಾದಾಗಿನಿಂದ ನನ್ನ ಕೆಲಸದ ಹಿಂದೆ ಊರೂರು ತಿರುಗಿ ಮನೆ ಹೂಡಿದವಳು. ಅವಳಿಗೆ ಅನ್ನುವ ಹಕ್ಕಿದೆ.

ಅಕ್ಟೋಬರ್ 8, ಭಾನುವಾರ

ಚರ್ಚಿನಿಂದ ನೇರ ಆಫೀಸು.

ಕೇಕಿನ ಬಗ್ಗೆ ಇಲ್ಲಾದರೂ ಬರೆಯುತ್ತೇನೆ. ಬೇರೆಲ್ಲೂ ಬರೆದಿಲ್ಲ. ನಮ್ಮಲ್ಲಿ ಗಾಫ್ ಅಂತ ಎಂಬತ್ತೆಂಟು ನಂಬರಿನ ಹುಡುಗ. ಧಡಿಯ. ಸಾಲಿನ ಎಡ ತುದಿಯಲ್ಲಿ ಒಂದು ಹೆಜ್ಜೆ ಹಿಂದೆ ನಿಂತನೆಂದರೆ ಎದುರು ಬಂದವನನ್ನು ತಡೆಯುತ್ತಾನೆ, ಅಷ್ಟೆ. ಆಗಸ್ಟಿನಿಂದ ಪ್ರತಿ ಪಂದ್ಯದಲ್ಲೂ ಅದನ್ನೇ ಮಾಡಿಸಿದ್ದೇನೆ. ನಮ್ಮ ವಿಡಿಯೋ ನೋಡಿದ ಯಾರೂ ಅವನನ್ನು ಈಗ ಲೆಕ್ಕಕ್ಕೆ ಇಡುವುದಿಲ್ಲ. ಒಂದು ದಿನ, ಒಂದೇ ಒಂದು ದಿನ, ಅವನು ತಡೆಯುವ ಹಾಗೆ ನಟಿಸಿ ಹೊರಗೆ ಜಾರುತ್ತಾನೆ. ಅವನ ಸುತ್ತ ನರಪಿಳ್ಳೆ ಇರುವುದಿಲ್ಲ, ಚೆಂಡು ಅವನಿಗೆ. ಬೋರ್ಡಿನಲ್ಲಿ ಮದುವೆ ಕೇಕಿನ ಚಿತ್ರ. ಆ ದಿನ ನವೆಂಬರ್ ಕೊನೆಯ ಶನಿವಾರ, ನದಿಯಾಚೆಯವರ ಮೇಲಿನ ಪಂದ್ಯ. ಅವರನ್ನು ಸೋಲಿಸಿ ಒಂಬತ್ತು ವರ್ಷವಾಯಿತು. ಈ ಊರಲ್ಲಿ ಉಳಿದದ್ದೆಲ್ಲ ಸೋತರೂ ಕ್ಷಮಿಸುತ್ತಾರೆ, ಅದೊಂದನ್ನು ಕ್ಷಮಿಸುವುದಿಲ್ಲ.

ಎಸೆಯುವವನು ಆಮರಿ. ಆಮರಿ ಪ್ರೂಟ್, ನಮ್ಮ ಕ್ವಾರ್ಟರ್‌ಬ್ಯಾಕ್. ಬಂದಾಗ ಕಡ್ಡಿ ಹಾಗಿದ್ದ, ಕಣ್ಣೆತ್ತಿ ಮಾತಾಡುತ್ತಿರಲಿಲ್ಲ. ಹೆದರಿಕೊಂಡಾಗ ಹೆಲ್ಮೆಟ್ಟಿನ ಗದ್ದದ ಪಟ್ಟಿಯನ್ನು ಎರಡು ಸಲ ಎಳೆದುಕೊಳ್ಳುತ್ತಾನೆ. ಅವನಿಗೇ ಗೊತ್ತಿಲ್ಲ. ನಾನು ಯಾರಿಗೂ ಹೇಳಿಲ್ಲ. ಹಾಗೆ ಎಳೆದುಕೊಂಡರೆ ನನ್ನ ಮುಂದೆ ಎಂಥ ಚಂದದ ಪಟ್ಟಿದ್ದರೂ ಬದಿಗಿಟ್ಟು ಹತ್ತಿರದ, ಸುಲಭದ ಎಸೆತ ಕೊಡುತ್ತೇನೆ. ಒಂದು ಹಿಡಿಸಿದರೆ ಉಸಿರು ತಿರುಗುತ್ತದೆ, ಮತ್ತೆ ಹುಲಿ.

ಪಟ್ಟು ಹೇಳುವುದು ಅಂದರೆ ಇದೇ, ಗ್ರೇಡಿ. ಎದುರಿನವರನ್ನು ಓದುವವರು ಬೇಕಾದಷ್ಟು ಜನ ಇದ್ದಾರೆ. ತನ್ನ ಹುಡುಗನನ್ನು ಓದಬೇಕು.

ನವೆಂಬರ್ 11, ಶನಿವಾರ

ಸಿಟ್ಟು.

ಇವತ್ತು ಬಡಪಾಯಿ ತಂಡ. ಮೂವತ್ತೊಂದು ಅಂಕ ಮುಂದಿದ್ದೆವು. ಪಂದ್ಯದ ನಾಲ್ಕನೇ, ಕೊನೆಯ ಕಾಲುಭಾಗ. ಜನ ಎದ್ದು ಕಾರಿನ ಕಡೆ ಹೊರಟಿದ್ದರು. ಆದರೆ ಅತಿಥಿಗಳ ಕೋಣೆಯಲ್ಲಿ ದೊಡ್ಡ ಯೂನಿವರ್ಸಿಟಿಯ ಇಬ್ಬರು ಕೋಟಿನವರು. ಗ್ರೇಡಿಯನ್ನು ನೋಡಲು ಬಂದವರು. ಹೆಡ್‌ಸೆಟ್ಟಿನಲ್ಲಿ ಗ್ರೇಡಿ —

“ಕೇಕ್ ಕೊಡು.”

“ಏನು?”

“ಕೇಕ್ ಕಣೋ. ಈಗಲೇ.”

“ಗ್ರೇಡಿ, ಬೇಡ. ಅದು ನದಿಯಾಚೆಯವರಿಗೆ ಇಟ್ಟಿದ್ದು. ನಿಂಗೊತ್ತು.”

“ಮೇಲೆ ಕೂತಿರೋರು ನದಿಯಾಚೆ ಪಂದ್ಯಕ್ಕೆ ಬರಲ್ಲಪ್ಪ. ಇವತ್ತು ಬಂದಿದಾರೆ.”

“ನಾನು ಹೇಳಲ್ಲ.”

ಗ್ರೇಡಿ ನನ್ನನ್ನು ಬಿಟ್ಟು, “ಬ್ರೈಸ್, ಬೋರ್ಡ್ ಎತ್ತೋ.”

ಬ್ರೈಸ್ ಮೇಲೆ ನನ್ನ ಗಾಜಿನ ಕಡೆ ನೋಡಿದ. ಇಪ್ಪತ್ತೆಂಟರ ಹುಡುಗ, ಮೊಬೈಲಿನಲ್ಲಿ ಮುಳುಗಿ ಎದ್ದವನು, ನನ್ನಿಂದಲೇ ಕೆಲಸ ಕಲಿತವನು. ನೋಡಿದ. ಎತ್ತಿದ.

ಗಾಫ್ ಜಾರಿದ. ಸುತ್ತ ನರಪಿಳ್ಳೆ ಇರಲಿಲ್ಲ, ನಾನು ಅಂದುಕೊಂಡ ಹಾಗೇ. ಅಂಗೈ ಮೇಲಿಟ್ಟ ಹಾಗೆ ಬಿತ್ತು ಚೆಂಡು. ಹೊರಟಿದ್ದವರು ಮೆಟ್ಟಿಲಲ್ಲೇ ನಿಂತು ಕೂಗಿದರು. ಎಷ್ಟು ಚೆನ್ನಾಗಿತ್ತು! ಮೂರು ತಿಂಗಳು ಸಾಕಿದ್ದನ್ನು ಯಾರಿಗೋ ಕೊಯ್ದು ಬಡಿಸಿದ ಹಾಗೆ ಅನಿಸಿತು. ಟಿವಿಯವರು ಏಳು ಸಲ ತೋರಿಸಿದರು. ನದಿಯಾಚೆಯವರೂ ನೋಡಿರುತ್ತಾರೆ.

ಮನೆಗೆ ಬಂದು ಊಟ ಬೇಡವೆಂದೆ. ರೋಂಡಾ ತಟ್ಟೆ ಎತ್ತಿಡುತ್ತಾ, “ಒಟ್ಟಿಗೆ ಹೋಗೋದು ಅಂದಿದ್ನಲ್ಲ, ನೆನಪಿದ್ಯಾ ಅಂತ ಕೇಳು ಅವನನ್ನ” ಅಂದಳು.

ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ.

ನವೆಂಬರ್ 25, ಶನಿವಾರ

ಗೆದ್ದೆವು. ಒಂಬತ್ತು ವರ್ಷದ ಮೇಲೆ.

ಗಾಫ್ ಎಡ ತುದಿಗೆ ಹೋದನೋ ಇಲ್ಲವೋ, ಅವರ ಇಡೀ ಸಾಲು “ಕೇಕ್! ಕೇಕ್!” ಎಂದು ಕೂಗಿ ಬೆರಳು ತೋರಿಸುತ್ತಿತ್ತು. ಅವರ ಗ್ಯಾಲರಿಯಲ್ಲಿ ಯಾರೋ ನಿಜವಾದ ಕೇಕೇ ತಂದು ಎತ್ತಿ ಹಿಡಿದಿದ್ದರು. ಗಾಫ್‌ನ ಮುಖ ಕೆಂಪಾಗಿತ್ತು.

ಕೊನೆಯ ನಿಮಿಷ. ಮೂರು ಅಂಕ ಹಿಂದೆ, ಅಂಕದ ಗೆರೆಗೆ ನಾಲ್ಕು ಗಜ ಬಾಕಿ. ಆಮರಿ ಗದ್ದದ ಪಟ್ಟಿ ಎಳೆದುಕೊಂಡ. ಎರಡು ಸಲ. ಹೆಡ್‌ಸೆಟ್ಟಿನಲ್ಲಿ ಗ್ರೇಡಿ ಉಸಿರು ಮಾತ್ರ ಕೇಳುತ್ತಿತ್ತು. ಧೈರ್ಯವಂತ.

ನಾನು ಕೇಕ್ ಬೋರ್ಡನ್ನೇ ಎತ್ತಿಸಿದೆ. ಜೊತೆಗೆ ಟ್ರ್ಯಾಕ್ಟರು — ಅಂದರೆ ಚೆಂಡು ಇನ್ನೊಂದು ಕಡೆ, ಹತ್ತಿರದವನಿಗೆ. ಗಾಫ್ ಜಾರಿದ. ಮೂವರು ಅವನ ಬೆನ್ನು ಹತ್ತಿದರು. ಬಲಗಡೆ ಪೂರಾ ಬಯಲು. ಮಗು ಕೂಡ ಎಸೆಯಬಹುದಿತ್ತು. ಆಮರಿ ಎಸೆದ.

ಗಾಜಿನ ಕೋಣೆಯಲ್ಲಿ ಒಬ್ಬನೇ ಇದ್ದೆ. ಅತ್ತೆ. ನಾಚಿಕೆಯಿಲ್ಲ, ಅತ್ತೆ.

ಕೆಳಗೆ ಇಳಿಯುವಷ್ಟರಲ್ಲಿ ಗ್ರೇಡಿ ಮೈಕಿನ ಮುಂದೆ. “ಎರಡು ವಾರದ ಹಿಂದೆ ಆ ಪಟ್ಟು ಯಾಕೆ ತೋರಿಸ್ದೆ ಅಂತ ಎಲ್ರೂ ಬೈದ್ರಿ. ಇವತ್ತಿಗೋಸ್ಕರಾನೇ ತೋರಿಸಿದ್ದು.” ಕಣ್ಣು ಕೂಡ ಮಿಟುಕಿಸಿದ.

ನವೆಂಬರ್ 28, ಮಂಗಳವಾರ

ಗ್ರೇಡಿ ಆ ದೊಡ್ಡ ಯೂನಿವರ್ಸಿಟಿಗೆ ಹೋದ. ಕಾರ್ ಪಾರ್ಕಿಂಗಿನಲ್ಲಿ ಹೇಳಿದ. ಆಫೀಸಿಗೆ ಕರೆಯುವ ಸೌಜನ್ಯವೂ ಇಲ್ಲ. ಎಂಜಿನ್ ಚಾಲೂ ಇತ್ತು. ಹಿಂದಿನ ಸೀಟಿನಲ್ಲಿ ಬ್ರೈಸ್, ತಲೆ ತಗ್ಗಿಸಿ ಮೊಬೈಲು ಒತ್ತುತ್ತಿದ್ದ.

“ಅವ್ರಿಗೆ ಹೊಸ ಮುಖ ಬೇಕಂತೆ ವೇಲನ್. ನಾನು ನಿನ್ ಹೆಸ್ರು ಹೇಳ್ದೆ, ದೇವರಾಣೆ.”

“ಪಟ್ಟು ಯಾರು ಹೇಳ್ತಾರೆ?”

“ಬ್ರೈಸ್. ನೀನೇ ತಯಾರು ಮಾಡಿದ ಹುಡುಗ ತಾನೆ? ಹೆಮ್ಮೆ ಪಡಬೇಕು ನೀನು.”

ಹೆಮ್ಮೆ ಪಡಬೇಕಂತೆ.

ಡಿಸೆಂಬರ್ 9

ಹೊಸ ಕೋಚ್ ಬಂದ. ತನ್ನ ಜನರನ್ನೇ ತಂದ. ನಮ್ಮೆಲ್ಲರ ಕೈಕುಲುಕಿ ಮನೆಗೆ ಕಳಿಸಿದ. ಗಾಜಿನ ಕೋಣೆಯಿಂದ ನನ್ನ ಕುರ್ಚಿಯ ದಿಂಬು ತಂದೆ. ಅದು ರೋಂಡಾ ಹೊಲಿದದ್ದು.

ಡಿಸೆಂಬರ್ 19

ಆಮರಿ ಬಂದಿದ್ದ. ಸೋಫಾದ ತುದಿಯಲ್ಲಿ ಕೂತ. ರೋಂಡಾ ಕೊಟ್ಟ ಪೆಕಾನ್ ಬೀಜದ ಕಡುಬನ್ನು ಚಮಚದಲ್ಲಿ ಕೆದಕುತ್ತಿದ್ದ, ತಿನ್ನಲಿಲ್ಲ.

“ಕೋಚ್ ಗ್ರೇಡಿ ಕರೀತಿದಾರೆ ಸರ್. ಅಲ್ಲಿಗೆ. ಆಟಕ್ಕೆ ದುಡ್ಡು ಕೊಡ್ತಾರಂತೆ, ಅಮ್ಮಂಗೆ ಮನೆ ಕೊಡಿಸ್ಬಹುದು. ನೀವು ಬೇಡ ಅಂದ್ರೆ ಹೋಗಲ್ಲ.”

ನಾಲಿಗೆ ತುದಿಯಲ್ಲಿತ್ತು. ಬೇಡ ಅನ್ನಬಹುದಿತ್ತು. ಗ್ರೇಡಿಗೆ ನಾನು ಕೊಡಬಹುದಾದ ಪೆಟ್ಟು ಅದೊಂದೇ.

“ಹೋಗಪ್ಪ” ಅಂದೆ.

“ಅಲ್ಲಿ ನನಗೆ ಪಟ್ಟು ಹೇಳೋರು ಬ್ರೈಸ್ ಅಂತೆ. ಅವ್ರಿಗೆ ನಾನು ಗೊತ್ತಾಗ್ತೀನಾ ಸರ್?”

“ಗೊತ್ತಾಗ್ತೀಯ.”

ಸುಳ್ಳು. ಗದ್ದದ ಪಟ್ಟಿಯ ವಿಷಯ ಬ್ರೈಸ್‌ಗೆ ಫೋನ್ ಮಾಡಿ ಹೇಳಬಹುದು. ಹೇಳಿಲ್ಲ. ಯಾಕೆ ಹೇಳಬೇಕು? ನನ್ನ ಹತ್ತಿರ ಇನ್ನೇನು ಉಳಿದಿದೆ?

ಆಗಸ್ಟ್ 15, ಗುರುವಾರ

ಎಂಟು ತಿಂಗಳು ಇದನ್ನು ತೆರೆದಿಲ್ಲ. ಬರೆಯಲು ಏನಿತ್ತು? ಹನ್ನೊಂದು ಕಾಲೇಜಿಗೆ ಕೇಳಿದೆ. “ಗ್ರೇಡಿಯ ಕೈಕೆಳಗೆ ಇದ್ದೋರಲ್ವಾ? ಅಲ್ಲಿ ಪಟ್ಟು ಅವ್ರೇ ಹೇಳ್ತಿದ್ರಲ್ಲ” ಅಂದ ಒಬ್ಬ. ಫೋನ್ ಇಟ್ಟೆ.

ಈಗ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಾರು ಓಡಿಸಲು ಕಲಿಸುತ್ತೇನೆ. ಪಕ್ಕದ ಸೀಟಿನಲ್ಲಿ ಕೂತು ಎಡಕ್ಕೆ, ಬಲಕ್ಕೆ, ನಿಲ್ಲಿಸು ಅನ್ನುವುದು. ಅವರೂ ಕೇಳುವುದಿಲ್ಲ.

ಸೆಪ್ಟೆಂಬರ್ 7, ಶನಿವಾರ, ಪಂದ್ಯದ ನಡುವೆ

ಗ್ರೇಡಿಯ ಹೊಸ ತಂಡದ ಪಂದ್ಯ ನೋಡುವುದಿಲ್ಲ ಅಂದುಕೊಂಡಿದ್ದೆ. ನೋಡುತ್ತಿದ್ದೇನೆ. ಈ ವರ್ಷ ಬೋರ್ಡುಗಳಿಲ್ಲ. ಹೆಲ್ಮೆಟ್ಟಿನೊಳಗೇ ರೇಡಿಯೋ, ಬ್ರೈಸ್ ನೇರ ಆಮರಿಯ ಕಿವಿಗೆ ಹೇಳುತ್ತಾನೆ.

ಎದುರಾಳಿಗಳ ಏಳು ನಂಬರಿನವನು ಎಡಗಡೆಯಿಂದ ನುಗ್ಗುತ್ತಿದ್ದಾನೆ. ಬ್ರೈಸ್‌ಗೆ ಕಾಣುತ್ತಿಲ್ಲ. ಉದ್ದುದ್ದ ಎಸೆತಗಳನ್ನೇ ಹೇಳುತ್ತಾನೆ, ಟಿವಿಯಲ್ಲಿ ಚಂದ ಕಾಣುವಂಥವು. ಆಮರಿ ಕಾಯಬೇಕು, ಕಾಯುವಾಗ ಬೀಳಬೇಕು. ನಾಲ್ಕು ಸಲ ಬಿದ್ದ. ಗದ್ದದ ಪಟ್ಟಿ ಎಳೆದುಕೊಂಡ. ಮತ್ತೆ ಎಳೆದುಕೊಂಡ. ಮತ್ತೂ ಉದ್ದ ಎಸೆತ. ಐದನೇ ಸಲ ಬಿದ್ದವನು ಏಳಲು ಹೊತ್ತು ಹಿಡಿಯಿತು. ಪಕ್ಕೆ ಹಿಡಿದುಕೊಂಡ.

ಅರ್ಧ ಪಂದ್ಯದ ವಿರಾಮ. ಫೋನು. ಗ್ರೇಡಿ.

ಎತ್ತಲಿಲ್ಲ. ಪಂದ್ಯದ ನಡುವೆ ಹೊರಗಿನವರಿಗೆ ಫೋನ್ ಮಾಡುವುದು ನಿಯಮದ ಪ್ರಕಾರ ತಪ್ಪು. ಮತ್ತೆ ಹೊಡೆದುಕೊಂಡಿತು. ಹೊಡೆದುಕೊಳ್ಳಲಿ. ಇಂಥ ಒಂದು ಗಳಿಗೆಗೆ ಎಷ್ಟು ಕಾದಿದ್ದೇನೆ. ಸಿಹಿಯಾಗಿತ್ತು, ಯಾಕೆ ಸುಳ್ಳು ಹೇಳಲಿ.

ರೋಂಡಾ ಬಾಗಿಲಲ್ಲಿ ನಿಂತಿದ್ದಳು. “ಸಿಟ್ಟು ಗ್ರೇಡಿ ಮೇಲೆ. ಏಟು ತಿಂತಿರೋದು ಯಾರು?”

ಎತ್ತಿದೆ.

“ಏಳು ನಂಬರಿನವನು ಎಡಗಡೆಯಿಂದ ಬರ್ತಿದಾನೆ. ಅವನು ಬಿಟ್ಟು ಬಂದ ಜಾಗಕ್ಕೆ ಎಸೆಸು. ಮೊದಲ ಮೂರು ಪಟ್ಟೂ ಗಿಡ್ಡ ಇರ್ಲಿ, ಹುಡುಗನ ಉಸಿರು ತಿರುಗ್ಲಿ. ಮತ್ತೆ ಕೇಳು ಗ್ರೇಡಿ, ಅವನು ಗದ್ದದ ಪಟ್ಟಿ ಎಳ್ಕೊಂಡ್ರೆ —”

“ಸಾಕು ಸಾಕು, ಹುಡುಗರು ಹೊರಟ್ರು.” ಇಟ್ಟುಬಿಟ್ಟ.

ಅದೇ ದಿನ, ಪಂದ್ಯ ಮುಗಿದ ಮೇಲೆ

ಗೆದ್ದರು. ಮೊದಲ ಮೂರೂ ಗಿಡ್ಡ ಎಸೆತ. ಆಮರಿ ತಲೆಯೆತ್ತಿದ. ಗ್ರೇಡಿ ಬಾಯಿಗೆ ಹಾಳೆ ಅಡ್ಡ ಹಿಡಿದು ಓಡಾಡಿದ. “ವಿರಾಮದಲ್ಲಿ ಏನು ಮಾಡಿದ್ರೋ! ಅದಕ್ಕೇ ಇವರನ್ನ ತಲೆ ಅನ್ನೋದು” ಅಂದರು ಟಿವಿಯವರು.

ಮೆಸೇಜು ಬಂತು. ‘ಥ್ಯಾಂಕ್ಸ್ ದೋಸ್ತ್. ಮುಂದಿನ ಶನಿವಾರ ಫೋನ್ ಹತ್ತಿರ ಇಟ್ಕೊ.’

ಸೆಪ್ಟೆಂಬರ್ 14, ಶನಿವಾರ

ಫೋನ್ ಹತ್ತಿರ ಇಟ್ಟುಕೊಂಡಿಲ್ಲ. ಟ್ರಕ್ಕಿನೊಳಗೆ ಹಾಕಿ ಬೀಗ ಹಾಕಿದ್ದೇನೆ. ಗದ್ದದ ಪಟ್ಟಿಯ ವಿಷಯ ವಾರವೆಲ್ಲ ಹೇಳಬಹುದಿತ್ತು, ಹೇಳಿಲ್ಲ. ಅದನ್ನೂ ಅವನ ಬಾಯಿಗೆ ಹಾಕಿದರೆ ನಾನು ಅನ್ನುವವನು ಇದ್ದದ್ದೇ ಸುಳ್ಳಾಗುತ್ತದೆ. ಬಿಟ್ಟಿ ಕೆಲಸ ಇವತ್ತಿಗೆ ಮುಗಿಯಿತು. ಟಿವಿಯನ್ನೂ ಹಾಕಲಿಲ್ಲ. ಅಂಗಳದಲ್ಲಿ ಎಲೆ ಗುಡಿಸಿದೆ. ಚಿಟ್ಟೆ ಹಾರುತ್ತಿತ್ತು, ನೋಡಿದೆ. ಮನುಷ್ಯ ಹೀಗೂ ಬದುಕಬಹುದು.

ರೋಂಡಾ ಒಳಗೆ ಟಿವಿ ಹಾಕಿದ್ದಾಳೆ. ಆರಿಸು ಅಂದೆ. ಸದ್ದು ಮಾತ್ರ ಕಡಿಮೆ ಮಾಡಿದಳು. ನಾನು ಬೆನ್ನು ತಿರುಗಿಸಿ ಕೂತು ಬರೆಯುತ್ತಿದ್ದೇನೆ. ಎದುರಿನ ಕಿಟಕಿ ಗಾಜಿನಲ್ಲಿ ಟಿವಿ ಕಾಣುತ್ತದೆ, ಏನು ಮಾಡಲಿ. ಎಡಗಡೆ ಇಬ್ಬರು ಮುಂದೆ ಬಂದು ನಿಂತಿದ್ದಾರೆ. ಬ್ರೈಸ್ ಮತ್ತೆ ಉದ್ದ ಎಸೆತವನ್ನೇ ಹೇಳಿರುತ್ತಾನೆ. ಆಮರಿ ಕೈ ಗದ್ದಕ್ಕೆ ಹೋಯಿತು. ಒಂದು ಸಲ. ಎರಡು —

ರೋಂಡಾ, ಟ್ರಕ್ಕಿನ ಕೀ ಎಲ್ಲಿ