ಗಾಜಿನೊಳಗಿನ ಗಾಲಿಮಣೆ

ಶನಿವಾರ, ಬೆಳಗಿನ ಹತ್ತು ಗಂಟೆ

ಹಾಸ್ಟೆಲ್ಲಿನಲ್ಲಿರುವ ನನ್ನ ಮುದ್ದು ಮಗಳಿಗೆ ಅಮ್ಮನ ಆಶೀರ್ವಾದ.

ಇವತ್ತು ನನ್ನ ಉಪವಾಸ. ಅಂಗಳ ಗುಡಿಸಿ, ನೀರು ತುಂಬಿ, ಬಟ್ಟೆ ಒಗೆದು ಹರವಿ, ದೀಪ ಹಚ್ಚಿ ಈಗ ಕೂತಿದ್ದೇನೆ. ಉಪವಾಸದ ದಿನ ಕೋಪ ಮಾಡಬಾರದು ಅನ್ನುತ್ತಾರೆ. ಅದಕ್ಕೇ ದೇವರಿಗೆ ಮೊದಲೇ ತಪ್ಪಾಯಿತು ಅಂದು ಪೆನ್ನು ಹಿಡಿದಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ‘ಆಮೇಲೆ ಮಾಡ್ತೀನಮ್ಮ’ ಅಂತ ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೇವರೆಗೆ ಓದಲೇಬೇಕು.

ಪೇಪರಿನಲ್ಲಿ ನಿನ್ನ ಫೋಟೋ ನೋಡಿದೆವು. ಸೈಕಲ್ ಶಾಪಿನಣ್ಣ ತಂದು ತೋರಿಸಿದ. ನೀನು, ನಿನ್ನ ಮೂವರು ಜೊತೆಗಾರರು, ನಿಮ್ಮ ಪ್ರಿನ್ಸಿಪಾಲರು, ಕೈಯಲ್ಲಿ ಬಹುಮಾನ. ಹಿಂದೆ ಮೇಜಿನ ಮೇಲೆ ಗಾಜಿನ ಪೆಟ್ಟಿಗೆ, ಅದರೊಳಗೆ ನಿನ್ನ ಅತ್ತೆಯ ಗಾಲಿಮಣೆ. ಪೆಟ್ಟಿಗೆಗೆ ‘ಮುಟ್ಟಬೇಡಿ’ ಅಂತ ಚೀಟಿ. ನಿನ್ನ ಅತ್ತೆ ಕಣ್ಣ ಹತ್ತಿರ ಹಿಡಿದು ನೋಡಿ, ‘ನೋಡಿ ಅತ್ತಿಗೆ, ನನ್ನ ಮಣೆ ಮೇಜು ಹತ್ತಿ ಕೂತಿದೆ, ನಾನು ಮಾತ್ರ ಇಲ್ಲೇ’ ಎಂದು ನಕ್ಕಳು. ನನಗೆ ನಗು ಬರಲಿಲ್ಲ.

‘ಮೂರೇ ದಿನ ಅತ್ತೆ, ಪ್ರದರ್ಶನ ಮುಗಿದ ತಕ್ಷಣ ತಂದುಕೊಡ್ತೀನಿ’ ಅಂತ ಹೇಳಿ ಒಯ್ದವಳು ನೀನು. ಇವತ್ತಿಗೆ ಇಪ್ಪತ್ತೆರಡು ದಿನ. ಉಂಡೂ ಹೋದ, ಕೊಂಡೂ ಹೋದ ಅನ್ನುವ ಮಾತನ್ನು ಹೆತ್ತ ಮಗಳಿಗೇ ಹೇಳಬೇಕಾಯಿತಲ್ಲ!

ಮುಂದಿನದು ನಿನಗೆ ಗೊತ್ತು. ಆದರೆ ನಿಮ್ಮ ಪ್ರಿನ್ಸಿಪಾಲರಿಗೆ ಗೊತ್ತಿಲ್ಲ, ಅವರಿಗೆ ಓದಿ ಹೇಳು. ನನ್ನ ನಾದಿನಿಗೆ ಐದನೇ ವಯಸ್ಸಿನಿಂದ ಕಾಲಿನಲ್ಲಿ ಬಲವಿಲ್ಲ. ಮೂವತ್ತು ವರ್ಷದಿಂದ ಮುಂದಿನ ಕೋಣೆಯ ನೆಲದ ಮೇಲೆ ಕೂತು ಪ್ರೆಸ್ಸಿನವರಿಗೆ ನೋಟುಬುಕ್ಕು ಹೊಲಿದುಕೊಡುತ್ತಾಳೆ. ಒಂದು ಕಡೆ ಹಾಳೆ, ಒಂದು ಕಡೆ ರಟ್ಟು, ಮೂಲೆಯಲ್ಲಿ ಅಂಟು. ಅಲ್ಲಿಂದಿಲ್ಲಿಗೆ ಹೋಗಬೇಕಾದರೆ ಅಂಗೈ ಊರಿ ಸರಿಯಬೇಕು. ಸರಿದರೆ ಕೈ ಕೊಳೆ. ಕೊಳೆ ಕೈಯಲ್ಲಿ ಬಿಳಿ ಹಾಳೆ ಮುಟ್ಟುವ ಹಾಗಿಲ್ಲ. ಸರಿದಾಗಲೆಲ್ಲ ಕೈ ತೊಳೆದು, ಒರೆಸಿ, ಆರಿಸಿಕೊಂಡು ಮತ್ತೆ ಸೂಜಿ ಹಿಡಿಯಬೇಕು.

ಅವಳಿಗೊಂದು ಸಾಧನ ಮಾಡಿಕೊಡುವ ಕಾಲೇಜಿನ ಪ್ರಾಜೆಕ್ಟು ಅಂತ ನೀವು ನಾಲ್ವರು ಮೊದಲು ಬಂದಾಗ ಟೇಪು ಹಿಡಿದು ಬಾಗಿಲು, ಕಿಟಕಿ, ಅಡುಗೆಕಟ್ಟೆ ಎಲ್ಲ ಅಳೆದಿರಿ. ಅವಳನ್ನು ಒಂದು ಮಾತು ಕೇಳಲಿಲ್ಲ. ಎರಡು ತಿಂಗಳಿಗೆ ಎತ್ತರದ ಮೋಟಾರು ಕುರ್ಚಿ ಬಂತು. ಅದರ ಮೇಲೆ ಕೂತರೆ ಕೆಲಸದ ಸಾಮಾನೆಲ್ಲ ಕೆಳಗೆ, ಅವಳೊಬ್ಬಳು ಮೇಲೆ. ‘ಗಡಿಯಾರ ನೋಡ್ಕೊಂಡು ಕೂರೋಕೆ ಚೆನ್ನಾಗಿದೆ ಕಣೇ’ ಎಂದಳು. ಈಗ ಅದರ ಮೇಲೆ ನಿಮ್ಮಪ್ಪನ ಟವೆಲ್ಲು ಒಣಗುತ್ತದೆ.

ನಿಮಗೆ ಬುದ್ಧಿ ಹೇಳಿದವನು ಸೈಕಲ್ ಶಾಪಿನಣ್ಣ. ‘ಮನೆ ಅಳತೆ ಸಾಕು, ಅಕ್ಕನ ಅಳತೆ ತಗೊಳ್ರಮ್ಮ’ ಎಂದ. ಆಮೇಲೆ ಮೂರು ಭಾನುವಾರ ನಾಲ್ವರೂ ಅವಳ ಪಕ್ಕ ನೆಲದ ಮೇಲೆ ಕೂತಿರಿ. ಬಡಗಿ ಹಲಗೆ ಕೊಟ್ಟ. ಎದುರು ಮನೆಯಾಕೆ ಹಳೇ ಸೋಫಾದ ಸ್ಪಂಜು ಕೊಟ್ಟಳು. ನೆಲದಿಂದ ನಾಲ್ಕು ಬೆರಳು ಎತ್ತರ ಸಾಕು, ಐದಾದರೆ ಹಾಳೆ ಎಟುಕುವುದಿಲ್ಲ ಎಂದವಳು ನಿನ್ನ ಅತ್ತೆ. ಇಸ್ತ್ರಿಪೆಟ್ಟಿಗೆಯ ಹಿಡಿಯಂಥ ಎರಡು ಹಿಡಿ ಮಾಡಿ, ಅವುಗಳ ತಳಕ್ಕೆ ಟೈರಿನ ತುಂಡು ಬಡಿದು, ಅದರಿಂದ ನೆಲ ಒತ್ತಿಕೊಂಡು ಸಾಗುವ ಉಪಾಯವೂ ಅವಳದೇ. ಗಾಲಿ ನೀವೇ ಕಾಲೇಜಿನಲ್ಲಿ ಮಾಡಿದ್ದು, ಅಲ್ಲ ಅನ್ನುವುದಿಲ್ಲ. ಮೊದಲ ದಿನ ಕೋಣೆಯ ಆ ತುದಿಯಿಂದ ಈ ತುದಿಗೆ ಜರ್ರನೆ ಬಂದು ಎರಡೂ ಅಂಗೈ ಎತ್ತಿ ತೋರಿಸಿದಳು. ಒಂದು ಚುಕ್ಕೆ ಕೊಳೆಯಿಲ್ಲ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ನಾನು ದೇವರ ಮುಂದೆ ಹೋಗಿ ಅತ್ತುಬಿಟ್ಟೆ.

ಪೇಪರಿನಲ್ಲಿ ಏನಿದೆ? ವಿದ್ಯಾರ್ಥಿಗಳ ಆವಿಷ್ಕಾರವಂತೆ. ಬಡಗಿ ಇಲ್ಲ, ಸೈಕಲ್ ಶಾಪಿನಣ್ಣ ಇಲ್ಲ. ಕೊನೇ ಸಾಲಿನಲ್ಲಿ ನಿನ್ನ ಅತ್ತೆ ‘ಫಲಾನುಭವಿ ಮಹಿಳೆ’. ಗಿಡ ನೆಟ್ಟು ನೀರೆರೆದವಳನ್ನು ಹಣ್ಣು ತಿಂದವಳು ಅಂತ ಬರೆಯುತ್ತಾರೇನೇ? ಅದೂ ಕೈಯಲ್ಲಿದ್ದ ಹಣ್ಣನ್ನು ಕಿತ್ತುಕೊಂಡ ಮೇಲೆ?

ಮಣೆಯನ್ನು ನಂಬಿ ಅವಳು ಈ ಸಲ ದುಪ್ಪಟ್ಟು ಪುಸ್ತಕ ಒಪ್ಪಿಕೊಂಡಿದ್ದಳು. ಶಾಲೆ ತೆರೆಯುವ ಕಾಲ, ಅವಸರ. ಕೈ ತೊಳೆಯಲೂ ಪುರುಸೊತ್ತಿಲ್ಲ. ಹೋದ ವಾರ ಪ್ರೆಸ್ಸಿನ ಯಜಮಾನರು ಹನ್ನೊಂದು ಪುಸ್ತಕ ವಾಪಸು ಕಳಿಸಿದರು. ಒಂದೊಂದರಲ್ಲೂ ಮಾಸಲು ಬೆರಳಿನ ಗುರುತು. ಇನ್ನೊಮ್ಮೆ ಹೀಗಾದರೆ ಕೆಲಸ ಬೇರೆಯವರಿಗೆ ಎಂದು ಹೇಳಿ ಕಳಿಸಿದ್ದಾರೆ. ಮೂವತ್ತು ವರ್ಷದಲ್ಲಿ ಅವಳು ಹೊಲಿದ ಒಂದು ಪುಸ್ತಕವೂ ವಾಪಸು ಬಂದಿರಲಿಲ್ಲ. ಇನ್ನೊಂದು ಮಣೆ ಮಾಡೋಣ ಅಂದರೆ ಆ ಗಾಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇದರ ಮೇಲೆ ಮೊನ್ನೆ ನಿಮ್ಮ ಕಾಲೇಜಿನಿಂದ ಫಾರಂ ಬಂತು. ಸಾಧನ ಉಪಯುಕ್ತವಾಗಿದೆಯೇ, ದಿನಕ್ಕೆ ಎಷ್ಟು ಗಂಟೆ ಬಳಸುತ್ತೀರಿ? ಗಾಜಿನ ಪೆಟ್ಟಿಗೆಯೊಳಗೆ ಹೋಗಿ ಕೂತು ಬಳಸಬೇಕೇ? ನೀನು ಬೇರೆ ಫೋನು ಮಾಡಿ, ‘ನೀನೇ ಎಲ್ಲಕ್ಕೂ ಹೌದು ಅಂತ ಗುರುತು ಹಾಕಿ ಕಳಿಸಿಬಿಡಮ್ಮ, ಅತ್ತೆಗ್ಯಾಕೆ ತೊಂದರೆ’ ಎಂದೆ. ಕಳಿಸುವುದಿಲ್ಲ. ಅವಳಿಗೆ ಕಾಲಿನಲ್ಲಿ ಬಲವಿಲ್ಲ, ಬಾಯಲ್ಲಿ ಇದೆ. ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳೂ ಅವಳೇ.

ಬೈದಿದ್ದೇನೆ ಅಂತ ಊಟ ಬಿಡಬೇಡ. ಉಪವಾಸಕ್ಕೆ ಮನೆಯಲ್ಲಿ ನಾನೊಬ್ಬಳು ಸಾಕು.

ನಿನ್ನ ಅಮ್ಮ

ಬರೆಯದೆ ಮುಚ್ಚಿಡೋಣ ಅಂದುಕೊಂಡಿದ್ದ ಮಾತು: ಅವಳನ್ನು ನೀವು ಕೇಳಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಆ ದಿನ ನೀನು ಒಳಗೆ ಅಳೆಯುತ್ತಿದ್ದಾಗ ನಿನ್ನ ಜೊತೆಗಾರರಲ್ಲಿ ಆ ಕನ್ನಡಕದ ಹುಡುಗಿ, ‘ಆಂಟಿ, ಅವರನ್ನೇ ಒಂದ್ಸಲ ಕೇಳ್ಲಾ’ ಎಂದಳು. ‘ಅವಳಿಗೇನು ಗೊತ್ತಾಗುತ್ತೆ, ಎತ್ತರದ ಕುರ್ಚಿ ಮಾಡಿ’ ಅಂತ ಬಾಗಿಲಲ್ಲೇ ತಡೆದವಳು ನಾನು. ನಾಳೆ ನಿನ್ನನ್ನು ನೋಡಲು ನಾಲ್ಕು ಜನ ಬಂದರೆ ಅವಳು ನೆಲದಲ್ಲಿ ಸರಿಯುವುದು ಅವರ ಕಣ್ಣಿಗೆ ಬೀಳಬಾರದು ಅಂತ. ಇವತ್ತು ದೀಪ ಹಚ್ಚಿದ ಮೇಲೆ ಅವಳಿಗೆ ಹೇಳಿ ತಪ್ಪೊಪ್ಪಿಕೊಂಡೆ. ‘ಆವತ್ತೇ ಕೇಳಿಸಿತ್ತು ಅತ್ತಿಗೆ’ ಎಂದಳು. ಹೊಲಿಗೆ ನಿಲ್ಲಿಸಲಿಲ್ಲ.

ಫಾರಮ್ಮಿಗೆ ಉತ್ತರ ಅವಳೇ ಬರೆದಿದ್ದಾಳೆ. ವಾಪಸು ಬಂದ ಪುಸ್ತಕಗಳಲ್ಲೇ ಒಂದನ್ನು ತೆಗೆದುಕೊಂಡು, ಆ ಬೆರಳಿನ ಗುರುತಿನ ಪಕ್ಕದಿಂದ ಶುರುಮಾಡಿ ಹನ್ನೆರಡು ಪುಟ. ನನಗೂ ಓದಲು ಕೊಡಲಿಲ್ಲ, ಕೇಳುವ ಮುಖವೂ ನನಗಿಲ್ಲ. ಅಂಚೆಗೆ ಹಾಕುವುದಿಲ್ಲವಂತೆ. ಯಾರನ್ನಾದರೂ ಕಳಿಸಿ ತರಿಸಿಕೋ. ಬರುವವರು ಮಣೆ ಹಿಡಿದುಕೊಂಡು ಬರಲಿ.